ಗುರುವಾರದ ಆಯಾಸ: ಮನೆಯಲ್ಲೇ ಮಾಡಿಕೊಳ್ಳುವ ಆರೈಕೆಯ ಒಳಿತು, ಕೆಡಕು

ಆದೋನಿಯಲ್ಲಿರುವ ನಮ್ಮ ದೊಡ್ಡಮ್ಮನಿಗೆ ಈಗ 71 ವರ್ಷ. ಬೆಳಿಗ್ಗೆ ಐದೂವರೆಗೆ ಏಳುತ್ತಾರೆ. ಒಂದು ಲೋಟ ಬಿಸಿನೀರು, ಮಂಡಿಗೆ ಎಣ್ಣೆ, ಸ್ನಾನ, ಪೂಜೆ, ಆಮೇಲೆ ಅರ್ಧ ಗಂಟೆ ನಡಿಗೆ. ಸಕ್ಕರೆ ಕಾಯಿಲೆಯ ಮಾತ್ರೆಯನ್ನು ಒಂದು ದಿನವೂ ತಪ್ಪಿಸಿದವರಲ್ಲ. ಗುರುವಾರ ರಾಯರ ಹೆಸರಿನಲ್ಲಿ ಉಪವಾಸ. ಮಂತ್ರಾಲಯ ಅಷ್ಟು ಹತ್ತಿರ ಇರುವಾಗ ಅದನ್ನು ಬಿಡಿ ಎಂದು ಹೇಳುವ ಧೈರ್ಯ ನಮ್ಮ ಮನೆಯಲ್ಲಿ ಯಾರಿಗೂ ಇಲ್ಲ. ಆರೋಗ್ಯ ನೋಡಿಕೊಳ್ಳುವುದು ಹೇಗೆ ಎಂದು ಯಾರಾದರೂ ಕೇಳಿದರೆ ಅವರನ್ನೇ ತೋರಿಸುತ್ತಿದ್ದೆವು.

ಎರಡು ವರ್ಷದ ಹಿಂದೆ ಅವರು "ಯಾಕೋ ಆಯಾಸ ಆಗ್ತದೆ" ಎನ್ನಲು ಶುರು ಮಾಡಿದರು. ಆಸ್ಪತ್ರೆಗೆ ಕರೆದುಕೊಂಡು ಹೋದೆವು. ವೈದ್ಯರಿಗೆ ಕನ್ನಡ ಬಾರದು, ದೊಡ್ಡಮ್ಮನಿಗೆ ಬರುವುದು ಸಂತೆಯ ತೆಲುಗು. ಕನ್ನಡ ಪದದ ಕೊನೆಗೆ ಒಂದು 'ಅಂ' ಹಚ್ಚಿದರೆ ತೆಲುಗಾಯಿತು ಎಂಬ ನಂಬಿಕೆ ನಮ್ಮ ಕಡೆ ಎಲ್ಲರಿಗೂ ಇದೆ. ಅವರೂ "ಆಯಾಸಂ" ಎಂದರು. ತೆಲುಗಿನಲ್ಲಿ ಆಯಾಸಂ ಎಂದರೆ ದಣಿವಲ್ಲ, ಏದುಸಿರು. ಆ ವಯಸ್ಸಿನ ಸಕ್ಕರೆ ರೋಗಿ ಉಸಿರು ಸಾಲದು ಎಂದರೆ ಯಾವ ವೈದ್ಯರಾದರೂ ಮೊದಲು ಹೃದಯ ನೋಡಬೇಕು, ಅವರೂ ನೋಡಿದರು. ಇಸಿಜಿ, ಎಕ್ಸ್‌ರೇ, ಎಕೋ, ಎಲ್ಲ ಸರಿಯಾಗಿಯೇ ಬಂದವು. ದೊಡ್ಡಮ್ಮ ಹೇಳಬೇಕಾಗಿದ್ದ ಪದ "ನೀರಸಂ". ಕನ್ನಡದಲ್ಲಿ ನೀರಸ ಎಂದರೆ ನಮ್ಮ ಕೆಲವು ಸಭೆಗಳ ಭಾಷಣ. ತೆಲುಗಿನಲ್ಲಿ ಅದು ನಿಶ್ಶಕ್ತಿ.

ಗುಟ್ಟು ಹೊರಬಿದ್ದದ್ದು ಕ್ಯಾಲೆಂಡರಿನಿಂದ. ಮೊಮ್ಮಗಳು ಅಜ್ಜಿ ಸುಸ್ತು ಎಂದ ದಿನಕ್ಕೆಲ್ಲ ಒಂದು ಚುಕ್ಕೆ ಇಡುತ್ತಿದ್ದಳು. ಒಂದೂವರೆ ತಿಂಗಳಾದ ಮೇಲೆ ನೋಡಿದರೆ ಒಂದೆರಡು ಬಿಟ್ಟು ಚುಕ್ಕೆಗಳೆಲ್ಲ ಗುರುವಾರದ ಸಾಲಿನಲ್ಲಿ. ಮುಂದಿನ ಗುರುವಾರ ಬೆಳಿಗ್ಗೆ ಹನ್ನೊಂದಕ್ಕೆ ಬೆರಳು ಚುಚ್ಚಿ ನೋಡಿದಾಗ ಸಕ್ಕರೆ 58. ಗ್ಲಿಮೆಪಿರೈಡ್‌ನಂಥ ಮಾತ್ರೆ ದೇಹದಿಂದ ಇನ್ಸುಲಿನ್ ಹೆಚ್ಚು ಬಿಡಿಸುತ್ತದೆ. ಮಾತ್ರೆ ನುಂಗಿ, ಊಟ ಬಿಟ್ಟು, ಮೇಲೆ ಅರ್ಧ ಗಂಟೆ ನಡೆದರೆ ಸಕ್ಕರೆ ಇಳಿಯದೆ ಇನ್ನೇನು? ಮೆಟ್‌ಫಾರ್ಮಿನ್ ಒಂದನ್ನೇ ತೆಗೆದುಕೊಳ್ಳುವವರಿಗೆ ಈ ಅಪಾಯ ತೀರ ಕಡಿಮೆ. ಇನ್ಸುಲಿನ್ ಚುಚ್ಚಿಕೊಳ್ಳುವವರಿಗೆ ಹೆಚ್ಚು. ಕ್ಯಾಲೆಂಡರನ್ನೇ ಗೋಡೆಯಿಂದ ಬಿಚ್ಚಿ ವೈದ್ಯರಿಗೆ ತೋರಿಸಿದೆವು. ಅವರಿಗೆ ಭಾಷೆ ಬೇಕಾಗಲಿಲ್ಲ. ಮಾತ್ರೆ ಬದಲಾಯಿತು, ಉಪವಾಸ ಹಾಲು ಹಣ್ಣಿಗೆ ಬಂದು ನಿಂತಿತು.

ಶಿಸ್ತಿನ ದಿನಚರಿಯೇ ಕಾಯಿಲೆ ತಂದಿತ್ತು. ಗೋಡೆಯ ಮೇಲೆ ಚುಕ್ಕೆ ಇಡುವ ಇನ್ನೊಂದು ದಿನಚರಿ ಅದನ್ನು ಹಿಡಿದುಕೊಟ್ಟಿತು. ಅದಕ್ಕೇ ಈ ಲೇಖನ.

ಈಗ ಮೊಬೈಲ್ ತೆರೆದರೆ 'ಸೆಲ್ಫ್ ಕೇರ್' ಎಂಬ ಮಾತು ಎಲ್ಲ ಕಡೆ. ಬೆಳಿಗ್ಗೆ ಎದ್ದು ಹತ್ತು ಕೆಲಸ, ಮಲಗುವಾಗ ಹತ್ತು ಕೆಲಸ. ನಮಗೇನೂ ಹೊಸದಲ್ಲ. ವಾಗ್ಭಟನ ಅಷ್ಟಾಂಗಹೃದಯದ ಸೂತ್ರಸ್ಥಾನದಲ್ಲಿ ಎರಡನೆಯ ಅಧ್ಯಾಯದ ಹೆಸರೇ ದಿನಚರ್ಯೆ. ಹಲ್ಲುಜ್ಜುವುದರಿಂದ ಹಿಡಿದು ಎಣ್ಣೆ ಹಚ್ಚುವುದು, ವ್ಯಾಯಾಮ, ಸ್ನಾನ ಎಲ್ಲವೂ ಅಲ್ಲಿವೆ. ಆದರೆ ಆ ಗ್ರಂಥ ಪ್ರತಿಯೊಂದರ ಜೊತೆ ಯಾರಿಗೆ ಬೇಡ ಎಂಬುದನ್ನೂ ಹೇಳುತ್ತದೆ. ಅಜೀರ್ಣವಾದವರಿಗೆ, ಕಫ ಹೆಚ್ಚಿದವರಿಗೆ ಅಭ್ಯಂಗ ಬೇಡ. ಮಕ್ಕಳು, ಮುದುಕರು, ಅಜೀರ್ಣದವರು ವ್ಯಾಯಾಮ ಬಿಡಬೇಕು. ಬಲವಿದ್ದವರೂ ಅರ್ಧ ಶಕ್ತಿ ಮಾತ್ರ ಬಳಸಬೇಕು. ಮುದುಕರು ನಡೆಯಬಾರದು ಎಂದು ಇಂದಿನ ವೈದ್ಯರು ಹೇಳುವುದಿಲ್ಲ, ಅದು ಬೇರೆ ಮಾತು. ನಾನು ಹೇಳುವುದು ಇಷ್ಟೇ: ಮಾಡಬೇಕಾದ್ದರ ಪಟ್ಟಿಯನ್ನು ನಾವು ಉಳಿಸಿಕೊಂಡೆವು, ಯಾರು ಮಾಡಬಾರದು ಎಂಬ ಪಟ್ಟಿಯನ್ನು ಕಳೆದುಕೊಂಡೆವು. ಮೊಬೈಲಿನ ವಿಡಿಯೋದಲ್ಲಂತೂ ಅದು ಇಲ್ಲವೇ ಇಲ್ಲ.

ಮೊದಲು ಒಳಿತಿನ ಮಾತು. ಮನೆಯಲ್ಲಿ ರಕ್ತದೊತ್ತಡ ನೋಡಿಕೊಳ್ಳುವುದು ನನ್ನ ಲೆಕ್ಕದಲ್ಲಿ ಅತ್ಯಂತ ಉಪಯೋಗದ ಅಭ್ಯಾಸ. ಆಸ್ಪತ್ರೆಯಲ್ಲಿ ಬಿಳಿ ಕೋಟು ಕಂಡರೇ ಕೆಲವರ ಬಿಪಿ ಏರುತ್ತದೆ. ಇನ್ನು ಕೆಲವರಿಗೆ ಅಲ್ಲಿ ಸರಿಯಾಗಿದ್ದು ಮನೆಯಲ್ಲಿ ಹೆಚ್ಚಿರುತ್ತದೆ. ಆಸ್ಪತ್ರೆಯಲ್ಲಿ 140/90 ಅಥವಾ ಅದಕ್ಕಿಂತ ಹೆಚ್ಚನ್ನು ಅಧಿಕ ಒತ್ತಡ ಎನ್ನುತ್ತಾರೆ. ಮನೆಯ ಸರಾಸರಿಗೆ ಆ ಗೆರೆ 135/85. ಈ ವ್ಯತ್ಯಾಸ ಬಹಳ ಜನರಿಗೆ ಗೊತ್ತಿಲ್ಲ.

ಆದರೆ ಮನೆಗಳಲ್ಲಿ ನೋಡುವ ರೀತಿ ಹೇಗಿರುತ್ತದೆ? ಸಂತೆಯಿಂದ ಬಂದ ಅಪ್ಪನನ್ನು ಹಾಗೇ ಕೂರಿಸಿ, ಅಂಗಿಯ ತೋಳಿನ ಮೇಲೇ ಪಟ್ಟಿ ಸುತ್ತಿ, "ಏನು ರೇಟಿತ್ತಪ್ಪಾ ಇವತ್ತು ಈರುಳ್ಳಿ?" ಎಂದು ಮಾತಾಡಿಸುತ್ತಾ ಗುಂಡಿ ಒತ್ತುತ್ತೇವೆ. ಬಂದ ಅಂಕಿ ಅಪ್ಪನದೋ ಈರುಳ್ಳಿಯದೋ ಹೇಳುವುದು ಕಷ್ಟ. ಕಾಫಿ, ಬೀಡಿ, ನಡಿಗೆ ಆಗಿ ಅರ್ಧ ಗಂಟೆ ಕಳೆದಿರಬೇಕು. ಮೂತ್ರಕ್ಕೆ ಹೋಗಿ ಬಂದಿರಬೇಕು. ಬೆನ್ನಿಗೆ ಆಸರೆ ಇರುವ ಕುರ್ಚಿಯಲ್ಲಿ, ಕಾಲ ಮೇಲೆ ಕಾಲು ಹಾಕದೆ, ಪಾದ ನೆಲಕ್ಕೆ ಊರಿ ಐದು ನಿಮಿಷ ಸುಮ್ಮನೆ ಕೂರಬೇಕು. ತೋಳು ಮೇಜಿನ ಮೇಲೆ, ಎದೆಯ ಮಟ್ಟಕ್ಕೆ. ಪಟ್ಟಿ ಬರಿಯ ಚರ್ಮದ ಮೇಲೆ. ಮಾತು ಪೂರ್ತಿ ಬಂದ್. ಒಂದು ನಿಮಿಷ ಬಿಟ್ಟು ಇನ್ನೊಮ್ಮೆ ನೋಡಿ ಎರಡನ್ನೂ ಬರೆಯಬೇಕು. ದಪ್ಪ ತೋಳಿಗೆ ಸಣ್ಣ ಪಟ್ಟಿ ಸುತ್ತಿದರೆ ಇಲ್ಲದ ಬಿಪಿ ಕಾಣಿಸುತ್ತದೆ. ಮಣಿಕಟ್ಟಿಗೆ ಕಟ್ಟುವ ಯಂತ್ರಕ್ಕಿಂತ ತೋಳಿಗೆ ಕಟ್ಟುವುದು ನಂಬಿಕೆಗೆ ಅರ್ಹ.

ಇದರ ಕೆಡಕೂ ಇಲ್ಲೇ ಇದೆ. ಯಂತ್ರ ಮನೆಗೆ ಬಂದ ಮೇಲೆ ಕೆಲವರು ತಾವೇ ವೈದ್ಯರಾಗುತ್ತಾರೆ. ಮೂರು ದಿನ 120 ಬಂದರೆ "ಬಿಪಿ ಹೋಯಿತು" ಎಂದು ಮಾತ್ರೆ ನಿಲ್ಲಿಸುತ್ತಾರೆ. ಅದು ಹೋದದ್ದಲ್ಲ, ಮಾತ್ರೆ ಅದನ್ನು ಹಿಡಿದಿಟ್ಟಿತ್ತು. ಇನ್ನು ಕೆಲವರು ದಿನಕ್ಕೆ ಹತ್ತು ಸಲ ನೋಡುತ್ತಾರೆ. ಒಂದು ಸಲ 150 ಬಂದರೆ ಗಾಬರಿ, ಗಾಬರಿಗೆ 160, ಅದಕ್ಕೆ ಇನ್ನೊಂದು ಮಾತ್ರೆ, ಆಮೇಲೆ ರಾತ್ರಿ ಬಚ್ಚಲಿಗೆ ಹೋಗುವಾಗ ತಲೆ ತಿರುಗಿ ಬೀಳುವುದು. ವೈದ್ಯರನ್ನು ಕಾಣುವ ಮುಂಚಿನ ಒಂದು ವಾರ ಬೆಳಿಗ್ಗೆ ಸಂಜೆ ನೋಡಿ ಬರೆದರೆ ಸಾಕು. ಅಂಕಿ 180/120 ದಾಟಿ, ಜೊತೆಗೆ ಎದೆನೋವು, ಉಸಿರು ಕಟ್ಟುವುದು, ಕೈಕಾಲು ಸೋಲುವುದು, ಮಾತು ತೊದಲುವುದು, ಕಣ್ಣು ಮಂಜಾಗುವುದು ಯಾವುದಾದರೂ ಇದ್ದರೆ ಮತ್ತೆ ಅಳೆಯುತ್ತಾ ಕೂರಬೇಡಿ, ಹೊರಡಿ. ಈ ಲಕ್ಷಣಗಳಿದ್ದು ಅಂಕಿ ಸರಿಯಾಗಿದ್ದರೂ ಹೊರಡಿ.

ಸಕ್ಕರೆ 70ಕ್ಕಿಂತ ಇಳಿದು, ಎಚ್ಚರವಿದ್ದರೆ, ಮೂರು ಟೀ ಚಮಚ ಸಕ್ಕರೆ ಅಥವಾ ಗ್ಲುಕೋಸ್ ಪುಡಿಯನ್ನು ನೀರಿನಲ್ಲಿ ಕದಡಿ ಕೊಡಿ, 15 ನಿಮಿಷ ಬಿಟ್ಟು ಮತ್ತೆ ನೋಡಿ. ಎಚ್ಚರ ತಪ್ಪಿದವರ ಬಾಯಿಗೆ ಏನನ್ನೂ ಹಾಕಬಾರದು.

ಇನ್ನು ಕಾಲು. ಸಕ್ಕರೆ ಕಾಯಿಲೆ ಇದ್ದವರು ದಿನಕ್ಕೊಮ್ಮೆ ಪಾದ ನೋಡಿಕೊಳ್ಳಬೇಕು. ಬಗ್ಗಲಾಗದಿದ್ದರೆ ನೆಲದ ಮೇಲೆ ಕನ್ನಡಿ ಇಟ್ಟು ನೋಡಬಹುದು. ಬೆರಳುಗಳ ಸಂದು, ಹಿಮ್ಮಡಿ, ಉಗುರಿನ ಅಂಚು. ಬಿರುಕಿಗೆ ಎಣ್ಣೆಯೋ ವ್ಯಾಸಲಿನ್ನೋ ಹಚ್ಚಿ, ಆದರೆ ಬೆರಳ ಸಂದಿಗೆ ಬೇಡ, ಅಲ್ಲಿ ಒದ್ದೆ ನಿಂತು ಬೂಷ್ಟು ಹಿಡಿಯುತ್ತದೆ. ಆಣಿಯನ್ನು ಬ್ಲೇಡಿನಿಂದ ಕೆತ್ತಬೇಡಿ. ಮುಖ್ಯವಾಗಿ, ರಾತ್ರಿ ಬಿಸಿನೀರಿನ ಬಕೆಟ್ಟಿನಲ್ಲಿ ಕಾಲಿಟ್ಟು ಕೂರುವ ಸುಖ. ನರ ಸತ್ತ ಕಾಲಿಗೆ ಬಿಸಿ ತಿಳಿಯುವುದಿಲ್ಲ. "ಹಾಯಾಗಿದೆ, ಇನ್ನೊಂದು ಚೊಂಬು ಹಾಕು" ಎನ್ನುತ್ತಲೇ ಚರ್ಮ ಬೆಂದಿರುತ್ತದೆ. ಬೆಳಿಗ್ಗೆ ಗುಳ್ಳೆ, ತಿಂಗಳಾದರೂ ಮಾಯದ ಹುಣ್ಣು, ಆಮೇಲೆ ಬೆರಳು ತೆಗೆಯುವ ಮಾತು. ಹಾಟ್ ವಾಟರ್ ಬ್ಯಾಗಿಗೂ ಇದೇ ಮಾತು. ಆರೈಕೆ ಎಂದುಕೊಂಡು ಮಾಡುವ ಕೆಲಸಗಳಲ್ಲಿ ನನಗೆ ಹೆಚ್ಚು ಭಯ ಹುಟ್ಟಿಸುವುದು ಇದು.

ಕಷಾಯದ ವಿಷಯಕ್ಕೆ ಬಂದರೆ ಕಾಸರಗೋಡಿನ ಸದಸ್ಯರು ಕೋಪಿಸಿಕೊಳ್ಳಬಾರದು. ಕೊತ್ತಂಬರಿ, ಜೀರಿಗೆ, ಮೆಂತೆ, ಕಾಳುಮೆಣಸಿನ ಕಷಾಯದ ಬಗ್ಗೆ ನನ್ನ ತಕರಾರಿಲ್ಲ. ಬೆಲ್ಲ ಎಷ್ಟು ಬೀಳುತ್ತದೆ ಎಂದು ಮಾತ್ರ ಸಕ್ಕರೆಯವರು ನೋಡಿಕೊಳ್ಳಲಿ. ಅದಕ್ಕೆ ಜ್ಯೇಷ್ಠಮಧು ಸೇರಿಸಿ ದಿನಾ ಕುಡಿಯುವ ರೂಢಿ ಕೆಲವು ಮನೆಗಳಲ್ಲಿದೆ. ಜ್ಯೇಷ್ಠಮಧು, ಅಂದರೆ ಅತಿಮಧುರ, ದಿನಗಟ್ಟಲೆ ಹೊಟ್ಟೆ ಸೇರಿದರೆ ದೇಹದಲ್ಲಿ ಉಪ್ಪು ಮತ್ತು ನೀರನ್ನು ಹಿಡಿದಿಟ್ಟು ಬಿಪಿ ಏರಿಸುತ್ತದೆ, ಪೊಟ್ಯಾಸಿಯಂ ಇಳಿಸುತ್ತದೆ. ಗಂಟಲು ಕೆರೆತಕ್ಕೆ ಎರಡು ದಿನ ಬೇರೆ, ವರ್ಷವಿಡೀ ಬೇರೆ. ಕೊರೊನಾ ಕಾಲದಲ್ಲಿ ಎಲ್ಲರ ಅಂಗಳಕ್ಕೂ ಬಂದ ಅಮೃತಬಳ್ಳಿಯದೂ ಇಂಥದೇ ಕಥೆ. ದಿನಾ ಅದನ್ನು ಸೇವಿಸುತ್ತಿದ್ದವರಲ್ಲಿ ಯಕೃತ್ತಿಗೆ ಪೆಟ್ಟಾದ ಪ್ರಕರಣಗಳನ್ನು ಮುಂಬಯಿಯ ವೈದ್ಯರು 2021ರಲ್ಲಿ ವರದಿ ಮಾಡಿದರು. ಆಯುಷ್ ಸಚಿವಾಲಯ ಒಪ್ಪಲಿಲ್ಲ. ನೋಡಲು ಹಾಗೇ ಇರುವ ಬೇರೆ ಬಳ್ಳಿ ಬಳಸಿರಬಹುದು ಎಂದಿತು. ಯಾರ ಮಾತು ಸರಿಯಾದರೂ ಬೇಲಿಯಿಂದ ಕಿತ್ತು ತರುವ ನಮಗೆ ಸಮಾಧಾನದ ವಿಷಯವಲ್ಲ. ಕಣ್ಣು ಹಳದಿಯಾದರೆ, ಮೂತ್ರ ಗಾಢವಾದರೆ ನಿಲ್ಲಿಸಿ, ಏನು ಕುಡಿಯುತ್ತಿದ್ದಿರಿ ಎಂದು ವೈದ್ಯರಿಗೆ ಹೇಳಿ. ಕಷಾಯ ಔಷಧಿಯಲ್ಲ ಎಂದು ನಾವು ಅದನ್ನು ಹೇಳುವುದೇ ಇಲ್ಲ.

ಕಿರಿಯರ ದಿನಚರಿ ಮುಖದ್ದು. ಕೇರಳದ ಕೋಟ್ಟಕ್ಕಲ್‌ನಲ್ಲಿ ಮೂತ್ರಪಿಂಡದ ವೈದ್ಯರು, ಮೂತ್ರದಲ್ಲಿ ಪ್ರೋಟೀನ್ ಸೋರುತ್ತಿದ್ದ ಕೆಲವು ರೋಗಿಗಳನ್ನು ವಿಚಾರಿಸುತ್ತಾ ಹೋದಾಗ ಬಿಳುಪಿನ ಕ್ರೀಮು ಸಿಕ್ಕಿತು, ಕ್ರೀಮಿನೊಳಗೆ ಪಾದರಸ. 2023ರಲ್ಲಿ ಅಲ್ಲಿನ ಔಷಧ ನಿಯಂತ್ರಣ ಇಲಾಖೆ 'ಆಪರೇಷನ್ ಸೌಂದರ್ಯ' ಎಂಬ ಹೆಸರಿನಲ್ಲಿ ಅಂಗಡಿಗಳನ್ನು ತಪಾಸಣೆ ಮಾಡಿತು. ತಯಾರಕರ ವಿಳಾಸವಿಲ್ಲದ, ಪರವಾನಗಿ ಸಂಖ್ಯೆಯಿಲ್ಲದ ಡಬ್ಬಿ ಎರಡು ವಾರದಲ್ಲಿ ಮುಖ ಬೆಳ್ಳಗೆ ಮಾಡಿದರೆ ಸಂತೋಷಪಡಬೇಡಿ. ಔಷಧ ಅಂಗಡಿಯಲ್ಲಿ ಕೇಳಿ ತರುವ ಸ್ಟೆರಾಯ್ಡ್ ಮಿಶ್ರಣದ ಕ್ರೀಮುಗಳೂ ಹಾಗೇ: ಮೊದಲು ಹೊಳಪು, ಆಮೇಲೆ ತೆಳುವಾದ ಕೆಂಪು ಚರ್ಮ. ಗಜಕರ್ಣಕ್ಕೆ ಅದನ್ನು ಹಚ್ಚಿದರೆ ತುರಿಕೆ ನಿಂತು ಗಜಕರ್ಣ ಹರಡುತ್ತದೆ. ಜಲನೇತಿ ಮಾಡುವವರು ಕುದಿಸಿ ಆರಿಸಿದ ನೀರನ್ನೇ ಬಳಸಿ. ಕೆರೆ, ಬಾವಿಯ ನೀರು ಮೂಗಿನೊಳಗೆ ಹೋಗಿ ಅಮೀಬಾದಿಂದ ಬರುವ ಮಿದುಳಿನ ಜ್ವರ ಉತ್ತರ ಕೇರಳದಲ್ಲಿ 2024ರಲ್ಲಿ ಮಕ್ಕಳ ಜೀವ ತೆಗೆದಿದೆ.

ಈ ಎಲ್ಲದರ ಹಿಂದೆ ಇನ್ನೊಂದು ವಿಷಯವಿದೆ, ಅದು ಗಡಿಯವರಾದ ನಮ್ಮದೇ. ಹಿರಿಯರು ಮನೆಯ ಆರೈಕೆಗೆ ಅಂಟಿಕೊಳ್ಳುವುದು ಅದರ ಮೇಲಿನ ನಂಬಿಕೆಯಿಂದ ಮಾತ್ರವಲ್ಲ. ಆಸ್ಪತ್ರೆಯಲ್ಲಿ ಮಾತು ಬರುವುದಿಲ್ಲ ಎಂಬ ಸಂಕೋಚದಿಂದ. ಚೀಟಿ ಮರಾಠಿಯಲ್ಲಿ, ಕೂಗುವುದು ಮಲಯಾಳದಲ್ಲಿ, ಫಲಕ ತಮಿಳಿನಲ್ಲಿ. ಮಗನೋ ಮಗಳೋ ರಜೆ ಹಾಕಿ ಜೊತೆಗೆ ಬರಬೇಕು. ಅವರಿಗೆ ತೊಂದರೆ ಯಾಕೆ ಎಂದು ಮತ್ತೊಂದು ತಿಂಗಳು ಎಣ್ಣೆ, ಕಷಾಯ, ಬಿಸಿನೀರು. ಮನೆಯ ಆರೈಕೆ ಎಷ್ಟೋ ಸಲ ಆಸ್ಪತ್ರೆಗೆ ಹೋಗದಿರಲು ನಾವು ಹುಡುಕಿಕೊಂಡ ಮರ್ಯಾದೆಯ ಕಾರಣ.

ಕೆಲವು ಮಾತುಗಳನ್ನಾದರೂ ಕಲಿತಿರೋಣ. ತಲೆ ತಿರುಗುವುದಕ್ಕೆ ಮಲಯಾಳದಲ್ಲಿ ತಲಕರಕ್ಕಂ, ತಮಿಳಿನಲ್ಲಿ ತಲೈ ಸುತ್ತುದು, ಮರಾಠಿಯಲ್ಲಿ ಚಕ್ಕರ್, ತೆಲುಗಿನಲ್ಲಿ ಕಳ್ಳು ತಿರುಗುತುನ್ನಾಯಿ. ಕಾಲು ಜೋಮು ಹಿಡಿಯುವುದಕ್ಕೆ ಮಲಯಾಳದಲ್ಲಿ ಮರವಿಪ್ಪ್, ತಮಿಳಿನಲ್ಲಿ ಮರತ್ತು ಪೋಗುದು, ತೆಲುಗಿನಲ್ಲಿ ತಿಮ್ಮಿರಿ. ಮರಾಠಿಯವರು ಮುಂಗ್ಯಾ ಯೇತಾತ್ ಎನ್ನುತ್ತಾರೆ, ಇರುವೆ ಬರುತ್ತವೆ ಎಂದು. ಅಕ್ಕಲಕೋಟೆ, ಜತ್ತದ ನಮ್ಮವರೂ ಇರುವೆ ಹರಿದಂಗ ಆಗತದ ಅನ್ನುವುದರಿಂದ ಅವರಿಗೆ ಇದು ಸುಲಭ. ಉಸಿರು ಕಟ್ಟುವುದಕ್ಕೆ ತಮಿಳಿನಲ್ಲಿ ಮೂಚ್ಚು ವಾಂಗುದು, ಮರಾಠಿಯಲ್ಲಿ ದಮ್ ಲಾಗತೋ, ಮಲಯಾಳದಲ್ಲಿ ಶ್ವಾಸಂ ಮುಟ್ಟ್. ತೆಲುಗಿನದು ಮೇಲೆಯೇ ಹೇಳಿದ್ದೇನೆ, ಮರೆಯುವಂತಿಲ್ಲ.

ಮಾತಿಗಿಂತ ಗಟ್ಟಿಯಾದದ್ದು ಒಂದು ನೋಟ್‌ಪುಸ್ತಕ. ನಲವತ್ತು ರೂಪಾಯಿಯದು ಸಾಕು. ಮೊದಲ ಪುಟದಲ್ಲಿ ಹೆಸರು, ವಯಸ್ಸು, ಇರುವ ಕಾಯಿಲೆ, ಒಗ್ಗದ ಔಷಧಿ, ಈಗ ತೆಗೆದುಕೊಳ್ಳುವ ಮಾತ್ರೆಗಳ ಹೆಸರು ಮತ್ತು ಮಿಲಿಗ್ರಾಂ, ಮನೆಯವರ ಫೋನ್ ನಂಬರು. ಮಾತ್ರೆಯ ಹೆಸರನ್ನು ಪಟ್ಟಿಯ ಮೇಲಿನ ಇಂಗ್ಲಿಷ್ ಅಕ್ಷರದಲ್ಲೇ ನಕಲು ಮಾಡಿ. ಒಳಗಿನ ಪುಟಗಳಲ್ಲಿ ತಾರೀಕು, ಹೊತ್ತು, ಬಿಪಿ, ಸಕ್ಕರೆ, ಆ ದಿನ ಏನನಿಸಿತು. ಏನನಿಸಿತು ಎಂಬುದನ್ನು ಕನ್ನಡದಲ್ಲೇ ಬರೆಯಿರಿ, ಅದು ನಿಮಗಾಗಿ. ಅಂಕಿಗಳನ್ನು ಮಾತ್ರ ಕನ್ನಡದಲ್ಲಿ ಬರೆಯಬೇಡಿ. ಕನ್ನಡ ಸಂಘದ ಪತ್ರಿಕೆಯಲ್ಲಿ ಈ ಮಾತೇ ಎಂದು ಹುಬ್ಬೇರಿಸಬೇಡಿ. ೧೪೦ ಎಂದು ಬರೆದದ್ದನ್ನು ಹೊಸೂರಿನ ನರ್ಸಮ್ಮ ಓದುವುದು ಹೇಗೆ? ಉಪವಾಸ, ಕಷಾಯ, ನಾಟಿ ಔಷಧಿ ಇವನ್ನೂ ಬರೆಯಿರಿ. ಗುರುವಾರಗಳು ಕಾಣುವುದು ಆಗಲೇ.

2020ರ ಮಾರ್ಚ್ ಕೊನೆಯಲ್ಲಿ ತಲಪಾಡಿಯ ಗಡಿ ಮುಚ್ಚಿ, ಮಂಗಳೂರಿನ ಆಸ್ಪತ್ರೆಗಳನ್ನೇ ನಂಬಿದ್ದ ಮಂಜೇಶ್ವರ, ಕಾಸರಗೋಡಿನ ರೋಗಿಗಳು ಈಚೆಯೇ ಉಳಿದದ್ದನ್ನು ಯಾರೂ ಮರೆತಿಲ್ಲ. ವಿಷಯ ಸುಪ್ರೀಂ ಕೋರ್ಟಿನ ತನಕ ಹೋಯಿತು. ಅದೇ ಮಾರ್ಚ್ 25ರಂದು ದೂರದಿಂದ ಚಿಕಿತ್ಸೆ ಕೊಡುವ ನಿಯಮಗಳು ದೇಶದಲ್ಲಿ ಜಾರಿಗೆ ಬಂದು, ಫೋನಿನಲ್ಲಿ ವೈದ್ಯರ ಸಲಹೆ ಪಡೆಯುವ ದಾರಿ ತೆರೆಯಿತು. ಆದರೆ ಫೋನಿನ ಆಚೆಯ ವೈದ್ಯರು ಮೊದಲು ಕೇಳುವುದು ಯಾವ ಮಾತ್ರೆ, ಎಷ್ಟು ಮಿಲಿಗ್ರಾಂ, ಕಳೆದ ವಾರ ಬಿಪಿ ಎಷ್ಟಿತ್ತು ಎಂದು. "ಬೆಳ್ಳಗಿನ ಸಣ್ಣ ಮಾತ್ರೆ" ಎಂದರೆ ಅವರೇನು ಮಾಡಿಯಾರು?

ಆಚೆಗೆ ಹೋಗದೆಯೂ ಸಿಗುವುದು ಸ್ವಲ್ಪ ಇದೆ. 30 ದಾಟಿದವರಿಗೆ ಬಿಪಿ, ಸಕ್ಕರೆ, ಬಾಯಿ, ಸ್ತನ, ಗರ್ಭಕೊರಳಿನ ಕ್ಯಾನ್ಸರಿನ ತಪಾಸಣೆ ಎಲ್ಲ ರಾಜ್ಯಗಳ ಸರ್ಕಾರಿ ಆರೋಗ್ಯ ಕೇಂದ್ರಗಳ ಕಾರ್ಯಕ್ರಮದಲ್ಲೇ ಇದೆ. ನಿಮ್ಮ ಬೀದಿಯ ಆಶಾ ಕಾರ್ಯಕರ್ತೆಯನ್ನು ಕೇಳಿ. ತಮಿಳುನಾಡಿನಲ್ಲಿ ಬಿಪಿ, ಸಕ್ಕರೆಯ ಮಾತ್ರೆಯನ್ನು ಮನೆಗೇ ತಂದುಕೊಡುವ 'ಮಕ್ಕಳೈ ತೇಡಿ ಮರುತ್ತುವಂ' ಯೋಜನೆ 2021ರ ಆಗಸ್ಟಿನಲ್ಲಿ ಶುರುವಾದದ್ದೇ ಹೊಸೂರು ಇರುವ ಕೃಷ್ಣಗಿರಿ ಜಿಲ್ಲೆಯಲ್ಲಿ. ಮನೆಗೆ ಬರುವವರ ಕೈಗೂ ನೋಟ್‌ಪುಸ್ತಕ ಕೊಡಿ.

ಒಂದು ಮಾತು ಬಾಕಿ ಇದೆ. ಇದನ್ನು ಸ್ವ-ಆರೈಕೆ ಎನ್ನುತ್ತಾರಾದರೂ ನಮ್ಮ ಮನೆಗಳಲ್ಲಿ ಮಾವನ ಬಿಪಿ ನೋಡುವುದು ಸೊಸೆ, ಅತ್ತೆಯ ಕಾಲು ನೋಡುವುದೂ ಸೊಸೆ, ಮಾತ್ರೆ ಎಣಿಸುವುದು, ನೀರು ಕಾಯಿಸುವುದು ಅವಳೇ. ದೊಡ್ಡಮ್ಮನ ಮನೆಯ ಪುಸ್ತಕ ತಿರುವಿ ಹಾಕಿದಾಗ ಎಲ್ಲರ ಪುಟವೂ ಇತ್ತು, ಬರೆಯುತ್ತಿದ್ದ ಅತ್ತಿಗೆಯದು ಇರಲಿಲ್ಲ. "ನನಗೇನಾಗ್ಯದ?" ಎಂದು ನಕ್ಕರು. 48 ವರ್ಷ. ಕೂರಿಸಿ, ಐದು ನಿಮಿಷ ಸುಮ್ಮನಿರಿಸಿ ನೋಡಿದೆವು: 156/98. ವಾರವಿಡೀ ನೋಡಿದರೂ ಅಷ್ಟೇ. ಈಗ ಅವರದೂ ಒಂದು ಪುಟ ಇದೆ, ಮೊದಲನೆಯದೇ.

ಮುಂದಿನ ತಿಂಗಳ ಸಭೆಗೆ ಬರುವಾಗ ನಿಮ್ಮ ಮನೆಯ ಬಿಪಿ ಯಂತ್ರವನ್ನೂ, ಪುಸ್ತಕ ಇದ್ದರೆ ಪುಸ್ತಕವನ್ನೂ ತನ್ನಿ. ಸಭೆ ಶುರುವಾಗುವ ಅರ್ಧ ಗಂಟೆ ಮೊದಲು ಬಂದರೆ ಪಟ್ಟಿಯ ಅಳತೆ ಸರಿಯಿದೆಯೇ ಎಂದು ನೋಡೋಣ, ಇಲ್ಲದವರಿಗೆ ಮೊದಲ ಪುಟ ಬರೆದುಕೊಡೋಣ. ಮನೆಯಲ್ಲಿ ಪುಸ್ತಕ ಬರೆಯುವವರು ಯಾರೋ ಅವರನ್ನೂ ಕರೆತನ್ನಿ. ಕಾಫಿ ಸಭೆ ಮುಗಿದ ಮೇಲೆ.